ಆಟಿಯ ಶೀತ, ಕೆಮ್ಮು, ಕಷಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಕಳೆದು ಮಳೆ ಹಿಡಿಯಿತು ಅಂದರೆ ನನ್ನ ಫೋನಿಗೆ ಇವೇ ಪ್ರಶ್ನೆಗಳು ಬರಲು ಶುರು. ಮಗುವಿಗೆ ಶೀತ, ಯಾವ ಸೊಪ್ಪು ಕೊಡಲಿ? ಅಮೃತಬಳ್ಳಿ ದಿನಾ ಕುಡಿಯಬಹುದಾ? ಅತ್ತೆಗೆ ಶುಗರ್ ಇದೆ, ಕಷಾಯ ಆಗುತ್ತದಾ? ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಕೇರಳದ ಕಾಸರಗೋಡಿನ ಬದಿಯಡ್ಕದ ಈಚೆ ಅಡಿಕೆ ತೋಟದ ಮನೆಯೊಂದರಲ್ಲಿ 30 ವರ್ಷದಿಂದ ಅಡುಗೆ ಮಾಡುತ್ತಾ, ಅಂಗಳದಲ್ಲಿ ಮದ್ದಿನ ಗಿಡ ಬೆಳೆಸುತ್ತಾ ಬಂದವಳು. ಅಜ್ಜಿ ಹೇಳಿಕೊಟ್ಟದ್ದನ್ನು ನಂಬುತ್ತೇನೆ. ಆದರೆ ಕೇಳಿದ್ದೆಲ್ಲವನ್ನೂ ನಂಬುವುದಿಲ್ಲ.

ನಮ್ಮ ಕಡೆ ಶೀತದ ಕಾಲ ಅಂದರೆ ಯಾವುದು? ಚಳಿಗಾಲವೇ ಇಲ್ಲವಲ್ಲ?

ಹೌದು, ಕಾಸರಗೋಡಿನಲ್ಲಿ ಡಿಸೆಂಬರ್, ಜನವರಿಯ ಚಳಿ ಅಂದರೆ ಬೆಳಗ್ಗೆ ಒಂದೆರಡು ಗಂಟೆಯ ಇಬ್ಬನಿ ಅಷ್ಟೇ. ಹತ್ತು ಗಂಟೆಗೆ ಬೆವರು. ನಮಗೆ ಶೀತ, ಕೆಮ್ಮು ಜೋರಾಗುವುದು ಜೂನಿನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಸಲು, ಕಿಟಕಿ ಬಾಗಿಲು ಹಾಕಿಕೊಂಡು ಎಲ್ಲರೂ ಒಳಗೆ. ಶಾಲೆ ಶುರುವಾಗುವುದೂ ಆಗಲೇ. ಒಂದು ಮಗು ತಂದರೆ ವಾರದೊಳಗೆ ಮನೆಯವರೆಲ್ಲ ಮೂಗು ಒರೆಸಿಕೊಳ್ಳುತ್ತಾರೆ. ಧನು ತಿಂಗಳಲ್ಲಿ ಇನ್ನೊಂದು ಸುತ್ತು ಬರುತ್ತದೆ, ಅದು ಸಣ್ಣದು.

ಮಳೆಯಲ್ಲಿ ನೆನೆದರೆ ಶೀತ ಆಗುತ್ತದಾ?

ಶೀತ ತರುವುದು ವೈರಸ್. 200ಕ್ಕೂ ಹೆಚ್ಚು ಬಗೆಯ ವೈರಸ್‌ಗಳಿಂದ ಶೀತ ಬರಬಹುದು. ಬರೀ ನೆನೆದದ್ದರಿಂದ ಬರುವುದಿಲ್ಲ, ಸೀನಿದವರ ಹನಿಯಿಂದ, ಮುಟ್ಟಿದ ಕೈಯಿಂದ ಬರುತ್ತದೆ. ಹಾಗಂತ ಒದ್ದೆ ತಲೆಯಲ್ಲಿ ಕೂತುಕೊಳ್ಳಿ ಅಂತ ನಾನು ಹೇಳುವುದಿಲ್ಲ. ತಲೆ ಒರೆಸಿ, ಬಟ್ಟೆ ಬದಲಾಯಿಸಿ. ಜೊತೆಗೆ ಕೈಯನ್ನೂ ಸಾಬೂನು ಹಾಕಿ ತೊಳೆಯಿರಿ. ಎರಡನೆಯದೇ ಮುಖ್ಯ, ಅದನ್ನೇ ನಾವು ಮರೆಯುತ್ತೇವೆ.

ಸೊಪ್ಪು, ಕಷಾಯ ತಗೊಂಡರೆ ರೋಗನಿರೋಧಕ ಶಕ್ತಿ ನಿಜವಾಗಿ ಜಾಸ್ತಿ ಆಗುತ್ತದಾ?

ನೇರವಾಗಿ ಹೇಳುತ್ತೇನೆ. ಇವತ್ತು ಕುಡಿದು ನಾಳೆಗೆ ಶಕ್ತಿ ಏರಿಸುವ ಯಾವ ಸೊಪ್ಪೂ ಇಲ್ಲ, ಯಾವ ಪುಡಿಯೂ ಇಲ್ಲ. ಅದು ಮೊಬೈಲ್ ಚಾರ್ಜ್ ಮಾಡಿದ ಹಾಗಲ್ಲ. ನಮ್ಮ ದೇಹಕ್ಕೆ ರೋಗದ ಜೊತೆ ಹೋರಾಡಲು ಬೇಳೆಕಾಳಿನ, ಮೀನು ಮೊಟ್ಟೆಯ ಪ್ರೋಟೀನ್ ಬೇಕು, ಎ, ಸಿ, ಡಿ ವಿಟಮಿನ್‌ಗಳು ಬೇಕು, ಕಬ್ಬಿಣ, ಸತು ಬೇಕು, ನಿದ್ದೆ ಬೇಕು. ಇದರಲ್ಲಿ ಯಾವುದು ಕಡಿಮೆಯಾದರೂ ಶಕ್ತಿ ಕುಂದುತ್ತದೆ. ಕಡಿಮೆಯಾದದ್ದನ್ನು ತುಂಬಿಸಿದರೆ ಸರಿಹೋಗುತ್ತದೆ. ತುಂಬಿದ ಕೊಡಕ್ಕೆ ಮತ್ತೆ ಸುರಿದರೆ ಚೆಲ್ಲುತ್ತದೆ, ಅಲ್ವಾ?

ಹಾಗಾದರೆ ಕಷಾಯ ಯಾಕೆ? ಗಂಟಲಿಗೆ ಹಿತ, ಮೂಗು ಸಡಿಲ, ಹೊಟ್ಟೆಗೆ ಬಿಸಿ ನೀರು ಹೋಗುತ್ತದೆ, ಬಾಯಿಗೆ ರುಚಿ ಬರುತ್ತದೆ, ರುಚಿ ಬಂದರೆ ಎರಡು ತುತ್ತು ಗಂಜಿ ಜಾಸ್ತಿ ಸೇರುತ್ತದೆ. ಶೀತದಲ್ಲಿ ಬಿದ್ದುಕೊಂಡವರಿಗೆ ಇದು ಸಣ್ಣ ಸಹಾಯವಲ್ಲ. ನಾನು ಕಷಾಯ ಮಾಡುವುದು ಇದಕ್ಕೇ.

ಹಾಗಾದರೆ ಮಳೆಗಾಲದಲ್ಲಿ ದಿನಾ ಏನು ತಿನ್ನಬೇಕು?

ಹೊಸದಾಗಿ ಏನೂ ತರಬೇಕಾಗಿಲ್ಲ. ನಮ್ಮ ಹಿರಿಯರ ಆಟಿ ಊಟವನ್ನೇ ನೋಡಿ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಹೆಸರುಕಾಳಿನ ಪಲ್ಯ, ಹಲಸಿನ ಬೀಜದ ಹುಳಿ, ಕೆಸುವಿನ ಪತ್ರೊಡೆ, ತಜಂಕಿನ (ಚಗಟೆ ಸೊಪ್ಪಿನ) ಅಂಬಡೆ. ಕೆಸು, ತಜಂಕು ತೋಟದಲ್ಲಿ ಬೇರೇನೂ ಬೆಳೆಯದ ತಿಂಗಳಲ್ಲಿ ತಾನಾಗಿಯೇ ಹುಟ್ಟುವ ಸೊಪ್ಪುಗಳು. ಗಂಜಿ ಅಂದರೆ ಬಡವರ ಊಟ ಅಂತ ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೇ: ಬಿಸಿ ಗಂಜಿ, ಹುರುಳಿ ಸಾರು, ಮೇಲೊಂದು ಚಮಚ ತುಪ್ಪ. ಜ್ವರ ಬಿಟ್ಟ ಮೈಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಬಹಳ ಒಳ್ಳೆಯದು. ವಿಟಮಿನ್ ಡಿ ಇರುವ ಆಹಾರಗಳೇ ಕಡಿಮೆ, ಅದರಲ್ಲಿ ಇವೆರಡೂ ಸೇರುತ್ತವೆ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಇರುವ ಕಾರಣ ಆಗ ಮೀನು ದುಬಾರಿ. ಆ 52 ದಿನ ಮೊಟ್ಟೆ, ಬೇಳೆಕಾಳು ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ಒಣಮೀನು ಆಗುತ್ತದೆ, ಆದರೆ ಉಪ್ಪು ತುಂಬಾ. ಬಿಪಿ ಇರುವವರು ನೀರಲ್ಲಿ ನೆನೆಸಿ ಹಿಂಡಿ ಸ್ವಲ್ಪವೇ ತಿನ್ನಿ.

ಸಸ್ಯಾಹಾರಿಗಳ ಮನೆಯಲ್ಲಿ ಮಳೆಗಾಲದ ಊಟ ಬರೀ ಅನ್ನ, ಸಾರು, ಉಪ್ಪಿನಕಾಯಿ ಆಗಿಬಿಡುವುದುಂಟು. ನಾನು ಗಮನಿಸಿದ ದೊಡ್ಡ ಕೊರತೆ ಇದು. ಸಾರಿಗೆ ಬೇಳೆ ಜಾಸ್ತಿ ಹಾಕಿ. ಕಡಲೆ, ಅಲಸಂಡೆ ಬೀಜ, ಹೆಸರುಕಾಳು ಇವುಗಳಲ್ಲಿ ಒಂದಾದರೂ ದಿನಾ ಇರಲಿ. ನುಗ್ಗೆ ಸೊಪ್ಪು ಸಿಕ್ಕಿದರೆ ಬಿಡಬೇಡಿ. ಕರ್ಕಟಕ ತಿಂಗಳಲ್ಲಿ, ಅಂದರೆ ನಮ್ಮ ಆಟಿಯಲ್ಲಿ, ನುಗ್ಗೆ ಸೊಪ್ಪು ತಿನ್ನಬಾರದು ಅಂತ ಮಲಯಾಳ ಮಾತನಾಡುವ ಮನೆಗಳಲ್ಲಿ ಒಂದು ರೂಢಿ ಇದೆ. ಅದನ್ನು ಪಾಲಿಸುವವರು ಆ ತಿಂಗಳು ಹರಿವೆ, ಬಸಳೆ ಮಾಡಬಹುದು.

ವಿಟಮಿನ್ ಸಿ ಮಾತ್ರೆ ತಗೊಳ್ಳಲಾ?

ಬೇಡ ಅಂತಲೇ ನನ್ನ ಅಭಿಪ್ರಾಯ. ಶೀತ ಶುರುವಾದ ಮೇಲೆ ನುಂಗಿದರೆ ಹೇಳಿಕೊಳ್ಳುವಂಥ ಉಪಯೋಗ ಕಂಡುಬಂದಿಲ್ಲ. ಮೊದಲಿನಿಂದ ದಿನಾ ತಗೊಂಡವರಿಗೂ ಶೀತ ಬರುವುದು ಕಡಿಮೆಯಾಗಲಿಲ್ಲ, ಬಂದ ಶೀತ ದೊಡ್ಡವರಲ್ಲಿ ನೂರಕ್ಕೆ 8ರಷ್ಟು, ಮಕ್ಕಳಲ್ಲಿ 14ರಷ್ಟು ಬೇಗ ಹೋಯಿತು ಅಂತ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದವರು ಹೇಳುತ್ತಾರೆ. ಅಂದರೆ ಒಂದು ವಾರದ ಶೀತದಲ್ಲಿ ಅರ್ಧ ದಿನ, ಹೆಚ್ಚೆಂದರೆ ಒಂದು ದಿನ.

ದೊಡ್ಡ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಸಾಕು ಅಂತ ನಮ್ಮ ದೇಶದ ಲೆಕ್ಕ. 100 ಗ್ರಾಂ ಪೇರಳೆಯಲ್ಲಿ (ಸೀಬೆ ಹಣ್ಣಿನಲ್ಲಿ) ಸುಮಾರು 200 ಮಿಲಿಗ್ರಾಂ ಇದೆ. ನೆಲ್ಲಿಕಾಯಿಯಲ್ಲಿ ಅದಕ್ಕಿಂತಲೂ ಜಾಸ್ತಿ. ಹಿತ್ತಲಿನ ಒಂದು ಪೇರಳೆ ತಿಂದರೆ ಆ ದಿನದ ಲೆಕ್ಕ ಮುಗಿಯಿತು ಮಾರಾಯ್ರೆ. ಪಪ್ಪಾಯಿಯೂ ಒಳ್ಳೆಯದು. ಲಿಂಬೆ ಹಿಂಡುವುದಾದರೆ ಪಾತ್ರೆ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಹಿಂಡಿ, ಕುದಿಸಿದರೆ ಸಿ ವಿಟಮಿನ್ ಹಾಳಾಗುತ್ತದೆ.

ಹುಳಿ ಇದ್ದದ್ದೆಲ್ಲ ಒಳ್ಳೆಯದು ಅಂತ ಹೋಗಬೇಡಿ. ಹಸಿ ಬೀಂಪುಳಿಯ (ಬಿಲಿಂಬಿ ಕಾಯಿಯ) ರಸ ತೆಗೆದು ಲೋಟಗಟ್ಟಲೆ ಕುಡಿದು ಕಿಡ್ನಿ ಕೆಟ್ಟವರ ಬಗ್ಗೆ ಕೇರಳದ ವೈದ್ಯರೇ ವರದಿ ಮಾಡಿದ್ದಾರೆ. ಅದರಲ್ಲಿ ಆಕ್ಸಲೇಟ್ ಅನ್ನುವ ಅಂಶ ತುಂಬಾ ಇದೆ. ಸಾಂಬಾರಿಗೆ, ಉಪ್ಪಿನಕಾಯಿಗೆ ನಾಲ್ಕು ಹಾಕುವುದು ಬೇರೆ, ರಸ ಕುಡಿಯುವುದು ಬೇರೆ.

ಕಷಾಯದ ಪುಡಿ ಹೇಗೆ ಮಾಡುತ್ತೀರಿ?

ಒಂದು ಕುಡ್ತೆ (ಸಣ್ಣ ಲೋಟದಷ್ಟು) ಕೊತ್ತಂಬರಿ, ಅರ್ಧ ಕುಡ್ತೆ ಜೀರಿಗೆ, ಒಂದು ಚಮಚ ಒಳ್ಳೆಮೆಣಸು (ಕಾಳುಮೆಣಸು), ಒಂದು ಚಮಚ ಮೆಂತೆ, ಹೆಬ್ಬೆರಳು ಗಾತ್ರದ ಒಣಶುಂಠಿ, ನಾಲ್ಕು ಏಲಕ್ಕಿ. ಬೇರೆ ಬೇರೆಯಾಗಿ ಹುರಿಯಬೇಕು, ಒಟ್ಟಿಗೆ ಹಾಕಿದರೆ ಜೀರಿಗೆ ಕರಟುವ ಹೊತ್ತಿಗೆ ಕೊತ್ತಂಬರಿ ಹಸಿಯೇ ಇರುತ್ತದೆ. ಕಬ್ಬಿಣದ ಬಾಣಲೆ, ಸಣ್ಣ ಉರಿ. ಕೊತ್ತಂಬರಿಯನ್ನು ಬೆರಳಲ್ಲಿ ಒತ್ತಿ ನೋಡಿ, ಚಟ್ ಅಂತ ಒಡೆದರೆ ಆಯಿತು. ಮೆಂತೆ ಕೆಂಪಾಗುವ ಮೊದಲೇ ಇಳಿಸಿ, ಕಪ್ಪಾದರೆ ಇಡೀ ಪುಡಿ ಕಹಿ. ಒಣಶುಂಠಿಯನ್ನು ಹುರಿಯುವುದು ಬೇಡ, ಕಲ್ಲಲ್ಲಿ ಜಜ್ಜಿ ಮಿಕ್ಸಿಗೆ ಹಾಕಿದರೆ ಬ್ಲೇಡಿಗೂ ಒಳ್ಳೆಯದು. ಎಲ್ಲ ಪೂರ್ತಿ ಆರಿದ ಮೇಲೆ ತರಿತರಿ ಪುಡಿ ಮಾಡಿ.

ಒಬ್ಬರಿಗೆ ಒಂದೂವರೆ ಲೋಟ ನೀರು, ಒಂದು ಚಮಚ ಪುಡಿ, ಸ್ವಲ್ಪ ಬೆಲ್ಲ. ಒಂದು ಲೋಟಕ್ಕೆ ಬರುವಷ್ಟು ಕುದಿಸಿ ಸೋಸಿ. ಹಾಲು ಹಾಕುವವರು ಹಾಕಬಹುದು, ನಮ್ಮ ಮನೆಯಲ್ಲಿ ಸಂಜೆಯ ಕಷಾಯಕ್ಕೆ ಹಾಲು ಬೇಕೇ ಬೇಕು. ಶೀತ ಜೋರಾದಾಗ ಮಾತ್ರ ಹಾಲು ಬಿಟ್ಟು ಎರಡು ತುಳಸಿ ಕುಡಿ ಹಾಕುತ್ತೇನೆ.

ದಿನಕ್ಕೆ ಎಷ್ಟು ಸಲ ಕುಡಿಯಬಹುದು?

ಮೇಲಿನ ಸಾದಾ ಕಷಾಯ ಎರಡು ಸಲ, ಸಾಕು. 2020ರಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿಗೆ ಹೋಗಲಿಕ್ಕೂ ಆಗದೆ ಎಲ್ಲರೂ ಹೆದರಿ ಕೂತಿದ್ದ ದಿನಗಳು ನೆನಪಿದೆಯಾ? ಆಗ ಆಯುಷ್ ಸಚಿವಾಲಯ ಒಂದು ಕಷಾಯ ಹೇಳಿತ್ತು: ತುಳಸಿ 4 ಪಾಲು, ಚೆಕ್ಕೆ 2, ಒಣಶುಂಠಿ 2, ಒಳ್ಳೆಮೆಣಸು 1. ಅಳತೆ ಸರಿಯಾಗಿಯೇ ಇತ್ತು. ನಮ್ಮವರು ಮಾತ್ರ ಮೆಣಸು ಮುಷ್ಟಿ ಹಾಕಿ ದಿನಕ್ಕೆ ಐದಾರು ಸಲ ಕುಡಿದರು. ನಮ್ಮ ಚಿಕ್ಕಮ್ಮನಿಗೆ ಬಾಯಿ ಹುಣ್ಣಾಗಿ, ಎದೆ ಉರಿ ಶುರುವಾಗಿ, ವಾರಗಟ್ಟಲೆ ಗಂಜಿ ನೀರು ಬಿಟ್ಟು ಬೇರೇನೂ ಸೇರಲಿಲ್ಲ. ಗ್ಯಾಸ್ಟ್ರಿಕ್ ಇರುವವರು ಖಾಲಿ ಹೊಟ್ಟೆಗೆ ಮೆಣಸಿನ ಕಷಾಯ ಕುಡಿಯಲೇಬೇಡಿ.

ಚೆಕ್ಕೆಯ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಸಿಗುವ ದಪ್ಪ, ಗಟ್ಟಿ ಚೆಕ್ಕೆ ಹೆಚ್ಚಾಗಿ ಕ್ಯಾಸಿಯಾ. ಅದರಲ್ಲಿ ಕೌಮರಿನ್ ಅನ್ನುವ ಅಂಶ ಜಾಸ್ತಿ, ತಿಂಗಳುಗಟ್ಟಲೆ ಹೆಚ್ಚು ತಗೊಂಡರೆ ಲಿವರ್‌ಗೆ ತೊಂದರೆಯಾಗಬಹುದು. ಚಿಟಿಕೆ ಸಾಕು.

ದೊಡ್ಡಪತ್ರೆ ಹೇಗೆ ಕೊಡುವುದು?

ನಮ್ಮಲ್ಲಿ ಸಾಂಬ್ರಾಣಿ ಅಂತಲೂ ಹೇಳುವ ಈ ಗಿಡ ಪ್ರತಿ ಮನೆಯಲ್ಲೂ ಇರಬೇಕು. ಒಂದು ದಂಟು ಮುರಿದು ನೆಟ್ಟರೆ ಸಾಕು, ಬರುತ್ತದೆ. ಮಳೆಗಾಲದಲ್ಲಿ ಮಾತ್ರ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ, ಹಾಗಾಗಿ ನಾನು ಒಂದು ಕುಂಡದಲ್ಲಿ ಹಾಕಿ ಜಗಲಿಯ ಮೂಲೆಯಲ್ಲಿ ಇಟ್ಟಿದ್ದೇನೆ.

ಎರಡು ಬಲಿತ ಎಲೆ ತೊಳೆದು, ಒರೆಸಿ, ಇಕ್ಕಳದಲ್ಲಿ ಹಿಡಿದು ಒಲೆಯ ಉರಿಗೆ ತೋರಿಸಿ. ದಪ್ಪ ಎಲೆ ಮೊದಲು ಬೆವರುತ್ತದೆ, ಆಮೇಲೆ ಬಣ್ಣ ಮಂಕಾಗಿ ಬಾಡಿ ಜೋಲುತ್ತದೆ. ಆಗ ಓಮದ ಹಾಗಿನ ಪರಿಮಳ ಅಡುಗೆ ಮನೆಯೆಲ್ಲ ತುಂಬುತ್ತದೆ. ಬಿಸಿ ಇರುವಾಗಲೇ ಅಂಗೈಯಲ್ಲಿ ಹಿಂಡಿ. ಒಂದು ಚಮಚ ರಸ ಬರುತ್ತದೆ. ಅದಕ್ಕೆ ಅರ್ಧ ಚಮಚ ಜೇನು. ದೊಡ್ಡ ಮಕ್ಕಳಿಗೆ ಇಷ್ಟು ಸಾಕು. ಹಸಿ ಎಲೆ ಹಿಂಡಲು ಹೋದರೆ ರಸವೂ ಬರುವುದಿಲ್ಲ, ಬಾಯಿಯೂ ಚುರುಚುರು.

ನನಗೆ ಇಷ್ಟವಾದದ್ದು ತಂಬುಳಿ. ಏಳೆಂಟು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಒಳ್ಳೆಮೆಣಸು ತುಪ್ಪದಲ್ಲಿ ಬಾಡಿಸಿ, ಒಂದು ಹಿಡಿ ತೆಂಗಿನ ತುರಿ ಹಾಕಿ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕಲಸಿ, ಉಪ್ಪು, ಸಾಸಿವೆ ಒಗ್ಗರಣೆ. ಬಿಸಿ ಅನ್ನಕ್ಕೆ. ಮದ್ದು ಅಂತ ಯಾರಿಗೂ ಅನಿಸುವುದೇ ಇಲ್ಲ. ಸೊಪ್ಪನ್ನು ಮನೆಯವರ ಹೊಟ್ಟೆಗೆ ಸೇರಿಸುವ ಒಳ್ಳೆಯ ದಾರಿ ಇದೇ ಅಂತ ನನಗೆ ಅನಿಸುತ್ತದೆ.

ಅಂಗಡಿಯಲ್ಲಿ ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು. ಏನು ಮಾಡುವುದು?

ಇದು ಗಡಿನಾಡಿನವರ ನಿಜವಾದ ಸಮಸ್ಯೆ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ. ಗಿಡ ಒಂದೇ, ಹೆಸರು ಮೂರು. ದೊಡ್ಡಪತ್ರೆಗೆ ಪನಿಕೂರ್ಕ ಅನ್ನಿ. ಆಡುಸೋಗೆಗೆ ಆಡಲೋಡಗಂ. ಒಣಶುಂಠಿಗೆ ಚುಕ್ಕು. ಜೇಷ್ಠಮಧುವಿಗೆ ಇರಟ್ಟಿಮಧುರಂ. ಲಕ್ಕಿ ಸೊಪ್ಪು ತುಳುವಿನಲ್ಲಿ ನೆಕ್ಕಿ, ಮಲಯಾಳದಲ್ಲಿ ಕರಿನೊಚ್ಚಿ. ಒಳ್ಳೆಮೆಣಸು ಅಲ್ಲಿ ಕುರುಮುಳಕ್.

ಹೆಚ್ಚು ಗೊಂದಲ ಆಗುವುದು ಬ್ರಾಹ್ಮಿಯಲ್ಲಿ. ನಮ್ಮಲ್ಲಿ ತುಂಬಾ ಜನ ಒಂದೆಲಗಕ್ಕೆ, ಅಂದರೆ ತುಳುವಿನ ತಿಮರೆಗೆ, ಬ್ರಾಹ್ಮಿ ಅನ್ನುತ್ತಾರೆ. ಮಲಯಾಳದ ಅಂಗಡಿಯಲ್ಲಿ ಬ್ರಹ್ಮಿ ಕೇಳಿದರೆ ಕೊಡುವುದು ನೀರಿನ ಬದಿಯಲ್ಲಿ ಬೆಳೆಯುವ, ಸಣ್ಣ ದಪ್ಪ ಎಲೆಯ ಬೇರೆಯೇ ಗಿಡ, ತುಂಬಾ ಕಹಿ. ಒಂದೆಲಗ ಬೇಕಿದ್ದರೆ ಕುಡಂಗಲ್ ಅಥವಾ ಮುತ್ತಿಳ್ ಅಂತ ಕೇಳಿ. ಆಚೆಮನೆಯ ಚೇಚಿ ನನಗೆ ಇದನ್ನು ಹೇಳಿಕೊಡುವವರೆಗೆ ನಾನೂ ತಪ್ಪೇ ತರುತ್ತಿದ್ದೆ. ಗ್ರಂದಿಗೆ ಅಂಗಡಿಗೆ ಹೋಗುವಾಗ ಗಿಡದ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಹೋದರೆ ಒಳ್ಳೆಯದು. ಪುಡಿಯಾಗಿ ತರುವ ಬದಲು ಬೇರು, ತೊಗಟೆ, ಎಲೆ ಇದ್ದ ಹಾಗೆಯೇ ತನ್ನಿ. ಪುಡಿಯಾದ ಮೇಲೆ ಯಾವುದು ಯಾವುದೆಂದು ಯಾರಿಗೆ ಗೊತ್ತಾಗುತ್ತದೆ?

ಅರಿಶಿನ ಹಾಲು?

ರಾತ್ರಿ ಕೆಮ್ಮಿಗೆ ಹಿತ. ಅರಿಶಿನದ ಕುರ್ಕುಮಿನ್ ನಮ್ಮ ಮೈಗೆ ಬಹಳ ಕಡಿಮೆ ಹಿಡಿಯುತ್ತದೆ, ಒಳ್ಳೆಮೆಣಸು ಸೇರಿದರೆ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಕಾಲು ಚಮಚ ಅರಿಶಿನಕ್ಕೆ ಒಂದು ಚಿಟಿಕೆ ಮೆಣಸಿನ ಪುಡಿ, ಅಂದರೆ ಒಳ್ಳೆಮೆಣಸಿನದು, ಹಾಕಿ. ಇದೇ ಕಾರಣಕ್ಕೆ ಅರಿಶಿನದ ಮಾತ್ರೆಗಳನ್ನು ಸುಮ್ನೆ ನುಂಗಬೇಡಿ. ಮೆಣಸಿನ ಅಂಶ ಸೇರಿಸಿದ ಗಟ್ಟಿ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟು ಬಿದ್ದದ್ದುಂಟು. ಅಡುಗೆಯ ಅರಿಶಿನಕ್ಕೆ ಆ ಭಯ ಇಲ್ಲ.

ಅಮೃತಬಳ್ಳಿ ದಿನಾ ಕುಡಿಯುತ್ತಿದ್ದೇನೆ. ಮುಂದುವರಿಸಲಾ?

ನಿಲ್ಲಿಸಿ ಅಂತಲೇ ನಾನು ಹೇಳುವುದು. ಮುಂಬೈಯಲ್ಲಿ ಇದನ್ನು ತಗೊಂಡ ಕೆಲವರಿಗೆ ಲಿವರ್ ಊದಿಕೊಂಡ ಬಗ್ಗೆ ಅಲ್ಲಿನ ವೈದ್ಯರು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿಯೊಂದನ್ನು ತಪ್ಪಿ ಬಳಸಿರಬಹುದು ಅಂತ ಹೇಳಿತು. ಯಾರು ಸರಿ ಅಂತ ಜಗಳ ಮಾಡುವುದು ನಮ್ಮ ಕೆಲಸವಲ್ಲ. ನೋಡಲು ಒಂದೇ ಥರ ಇರುವ ಬಳ್ಳಿಗಳಿವೆ ಅನ್ನುವುದು ಸತ್ಯ, ಅದೇ ನಮಗೆ ಎಚ್ಚರಿಕೆ. ಲಿವರ್ ತೊಂದರೆ ಇರುವವರು, ಮೈ ತನ್ನ ಮೇಲೇ ತಿರುಗಿಬೀಳುವ ರುಮಟಾಯ್ಡ್, ಲೂಪಸ್ ಥರದ ಕಾಯಿಲೆ ಇರುವವರು ಮುಟ್ಟಲೇಬಾರದು. ಉಳಿದವರು ವೈದ್ಯರು ಗಿಡ ನೋಡಿ, ಇಷ್ಟು ದಿನ ಅಂತ ಹೇಳಿದರೆ ಮಾತ್ರ ತಗೊಳ್ಳಿ. ಮೂತ್ರ ಹಳದಿ, ಕಣ್ಣು ಹಳದಿ, ಊಟ ಬೇಡ ಅನಿಸಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ.

ಆಡುಸೋಗೆ ಕೆಮ್ಮಿಗೆ ಒಳ್ಳೆಯದಾ?

ಕಫ ಕಟ್ಟಿದ ಕೆಮ್ಮಿಗೆ ಹಿಂದಿನಿಂದ ಬಳಸುತ್ತಾರೆ. ಇಂಗ್ಲಿಷ್ ಮದ್ದಿನ ಕೆಮ್ಮಿನ ಸಿರಪ್‌ಗಳಲ್ಲಿ ಇರುವ ಬ್ರೋಮ್‌ಹೆಕ್ಸಿನ್ ಅನ್ನುವುದು ಇದೇ ಗಿಡದ ವಾಸಿಸಿನ್ ಅನ್ನುವ ಅಂಶವನ್ನು ನೋಡಿ ತಯಾರಿಸಿದ್ದು. ಇಡ್ಲಿಯ ಹಾಗೆ ಎಲೆಯನ್ನು ಹಬೆಯಲ್ಲಿ ಬೇಯಿಸಿ ಹಿಂಡಿದ ಒಂದು ಚಮಚ ರಸಕ್ಕೆ ಜೇನು, ಎರಡು ಮೂರು ದಿನ. ಬಸುರಿಯರಿಗೆ ಖಂಡಿತ ಬೇಡ, ಗರ್ಭಕೋಶ ಬಿಗಿಯುವ ಗುಣ ಇದಕ್ಕಿದೆ.

ಆಟಿ ಅಮಾವಾಸ್ಯೆಯ ಪಾಲೆ ಕಷಾಯ ಕುಡಿಯಲೇಬೇಕಾ?

ಕುಡಿಯಲೇಬೇಕು ಅಂತಿಲ್ಲ. ನಮ್ಮ ಮನೆಯಲ್ಲಿ ಕುಡಿಯುತ್ತೇವೆ. ಬೆಳಕು ಹರಿಯುವ ಮೊದಲು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ (ಸಪ್ತಪರ್ಣಿ) ಮರದ ತೊಗಟೆ, ಒಳ್ಳೆಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು, ಬೆಂಕಿಯಲ್ಲಿ ಕೆಂಪಗೆ ಕಾದ ಬೊಳ್ಳುಕಲ್ಲು (ಬಿಳಿ ಬೆಣಚುಕಲ್ಲು) ಅದರಲ್ಲಿ ಮುಳುಗಿಸಿದಾಗ ಬರುವ ಆ ಸದ್ದು, ಆಮೇಲೆ ಮೈ ತಂಪಾಗಲಿ ಅಂತ ಮೆಂತೆ ಗಂಜಿ. ವರ್ಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಕೂತು ಕುಡಿಯುವ ಆ ಕಹಿ ನನಗೆ ಬೇಕು. ಒಂದು ಸಲ ಕುಡಿದರೆ ವರ್ಷವಿಡೀ ಶೀತ ಬರುವುದಿಲ್ಲ ಅನ್ನುವುದನ್ನು ಮಾತ್ರ ನಾನು ಮಕ್ಕಳಿಗೆ ಹೇಳಿಕೊಡುವುದಿಲ್ಲ.

ಈಗ ದಯವಿಟ್ಟು ಗಮನ ಕೊಟ್ಟು ಓದಿ. ಕತ್ತಲಲ್ಲಿ ಮರ ತಪ್ಪಿದರೆ ಪ್ರಾಣಕ್ಕೇ ಅಪಾಯ. ಕಾಸರಕದ ಮರದ ತೊಗಟೆಯಲ್ಲಿ, ಬೀಜದಲ್ಲಿ ಸ್ಟ್ರಿಕ್ನಿನ್ ಅನ್ನುವ ಕಡು ವಿಷ ಇದೆ. ನಮ್ಮ ಊರಿಗೆ ಹೆಸರು ಬಂದದ್ದೇ ಈ ಮರದಿಂದ ಅಂತ ಒಂದು ಮಾತಿದೆ, ಅಂದರೆ ಅದು ಇಲ್ಲಿ ಎಷ್ಟು ಸಾಮಾನ್ಯ ಅಂತ ಯೋಚಿಸಿ. ಪಾಲೆ ಮರದಲ್ಲಿ ಐದರಿಂದ ಏಳೆಂಟು ಎಲೆಗಳು ಒಂದೇ ಗಂಟಿನಿಂದ ಕೊಡೆಯ ಹಾಗೆ ಸುತ್ತ ಹರಡಿರುತ್ತವೆ, ತೊಗಟೆ ಗಾಯವಾದರೆ ಬಿಳಿ ಹಾಲು. ಕಾಸರಕದಲ್ಲಿ ಎಲೆ ಎದುರುಬದುರು ಎರಡೆರಡು, ಹಾಲು ಬರುವುದಿಲ್ಲ, ಕಾಯಿ ಹಣ್ಣಾದಾಗ ಕಿತ್ತಳೆ ಬಣ್ಣದ ಉಂಡೆ. ಹಾಲು ಬರುವ ಮರಗಳು ಬೇರೆಯೂ ಇವೆ, ಅದೊಂದೇ ಗುರುತು ಸಾಲದು. ಹಿಂದಿನ ದಿನ ಹಗಲಲ್ಲಿ, ಮರ ಗೊತ್ತಿರುವ ಹಿರಿಯರ ಜೊತೆ ಹೋಗಿ, ಕಾಂಡಕ್ಕೆ ಒಂದು ಹಗ್ಗ ಕಟ್ಟಿ ಬನ್ನಿ. ಯಾರೋ ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಟ್ಟ ತೊಗಟೆ ಬೇಡ. ಮಕ್ಕಳಿಗೆ, ಬಸುರಿಯರಿಗೆ ಯಾವುದೇ ಮರದ್ದೂ ಬೇಡ.

ಸಣ್ಣ ಮಕ್ಕಳಿಗೆ ಏನು ಕೊಡಬಹುದು?

ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಏನೂ ಇಲ್ಲ. ಕಷಾಯವೂ ಇಲ್ಲ, ತುಳಸಿ ರಸವೂ ಇಲ್ಲ. ಒಂದು ವರ್ಷ ತುಂಬುವ ತನಕ ಜೇನು ನೆಕ್ಕಿಸಲೇಬಾರದು, ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಎಳೆಯ ಮಕ್ಕಳ ಸ್ನಾಯುಗಳೇ ಸೋಲುತ್ತವೆ. ನಮ್ಮ ತೋಟದ ಶುದ್ಧ ಜೇನು ಅಂತ ಹೇಳಬೇಡಿ, ಶುದ್ಧ ಜೇನಿನಲ್ಲೂ ಅದು ಇರಬಹುದು. ಬಜೆ ತೇದು ಕೊಡುವ ಪದ್ಧತಿಯನ್ನು ನಾನು ನನ್ನ ಮೊಮ್ಮಗುವಿಗೆ ಮಾಡಲಿಲ್ಲ. ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯನ್ನು ಎದೆಗೆ ಹಚ್ಚುವುದೂ ಎರಡು ವರ್ಷದೊಳಗೆ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ.

ವರ್ಷ ದಾಟಿದ ಮಗುವಿಗೆ ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನು ನಿಜಕ್ಕೂ ಒಳ್ಳೆಯದು, ಡಾಕ್ಟರುಗಳೂ ಒಪ್ಪುತ್ತಾರೆ. ಗಂಜಿ ತಿಳಿ, ಹೆಸರುಬೇಳೆ ಸಾರು, ಬಿಸಿ ನೀರು. ಮಗು ಉಸಿರಾಡುವಾಗ ಪಕ್ಕೆಲುಬು ಒಳಗೆ ಎಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ ಒಂದು ನಿಮಿಷವೂ ಕಾಯಬೇಡಿ.

ಶುಗರ್, ಬಿಪಿ ಇರುವವರು?

ಜೋನಿಬೆಲ್ಲ, ಓಲೆಬೆಲ್ಲ, ಜೇನು ಎಲ್ಲವೂ ಸಕ್ಕರೆಯೇ. ಕಷಾಯ ಸಪ್ಪೆ ಕುಡಿಯಿರಿ, ನಾಲ್ಕು ದಿನದಲ್ಲಿ ನಾಲಗೆ ಒಗ್ಗುತ್ತದೆ. ಬಿಪಿ ಇರುವವರು ಜೇಷ್ಠಮಧು ಬಿಡಿ, ಅದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಹೃದಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಬೆಳ್ಳುಳ್ಳಿ, ಶುಂಠಿ, ಅರಿಶಿನವನ್ನು ಅಡುಗೆಯ ಅಳತೆಗಿಂತ ಜಾಸ್ತಿ ಮಾಡಬೇಡಿ. ಆಪರೇಷನ್ ಇದ್ದರೆ ಮನೆಮದ್ದು ಏನೇನು ತಗೊಳ್ಳುತ್ತೀರಿ ಅಂತ ಡಾಕ್ಟರ್ ಹತ್ತಿರ ಮುಚ್ಚಿಡದೆ ಹೇಳಿ.

ಶೀತ ಇರುವಾಗ ಮೊಸರು, ಬಾಳೆಹಣ್ಣು ತಿನ್ನಬಾರದಾ?

ತಿನ್ನಬಹುದು. ಫ್ರಿಜ್‌ನಿಂದ ತೆಗೆದ ತಣ್ಣನೆಯದು ಗಂಟಲಿಗೆ ಕಿರಿಕಿರಿ, ಅಷ್ಟೇ. ಊಟವೇ ಸೇರದ ಮಗುವಿಗೆ ಒಂದು ಕದಳಿ ಬಾಳೆಹಣ್ಣು ಸೇರಿದರೆ ಅದನ್ನು ತಪ್ಪಿಸಬೇಡಿ.

ಆವಿ ತಗೊಳ್ಳಲು ಯಾವ ಸೊಪ್ಪು?

ಲಕ್ಕಿ ಸೊಪ್ಪು, ತುಳಸಿ, ದೊಡ್ಡಪತ್ರೆ ಯಾವುದಾದರೂ ಆಯಿತು. ಮೂಗು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ವೈರಸ್ ಸಾಯುವುದಿಲ್ಲ. ಮಕ್ಕಳಿಗೆ ಪಾತ್ರೆ ಮುಂದಿಟ್ಟು ಹೊದಿಕೆ ಹೊದಿಸಬೇಡಿ, ಕುದಿಯುವ ನೀರು ತೊಡೆಯ ಮೇಲೆ ಬಿದ್ದರೆ ಆಗುವ ಗಾಯ ಶೀತಕ್ಕಿಂತ ನೂರು ಪಾಲು ಕಷ್ಟ.

ಎಷ್ಟು ದಿನ ಮನೆಮದ್ದು ಮಾಡಬಹುದು? ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಬರೀ ಶೀತ ಏಳರಿಂದ ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಕೆಮ್ಮು ಎರಡು ಮೂರು ವಾರ ಎಳೆಯಬಹುದು. ಅದಕ್ಕೆ ಆಂಟಿಬಯಾಟಿಕ್ ಬೇಡ, ವೈರಸ್‌ಗೆ ಅದು ಕೆಲಸ ಮಾಡುವುದಿಲ್ಲ. ಆದರೆ ಜ್ವರ ಬಂದರೆ ಲೆಕ್ಕ ಬೇರೆ.

ಕೆಲವು ವರ್ಷದ ಹಿಂದೆ ನಮ್ಮ ಮಾವನಿಗೆ ಜುಲೈಯಲ್ಲಿ ಜ್ವರ ಬಂತು. ತೋಟದ ಕಣಿ (ನೀರು ಹರಿಯುವ ಚರಂಡಿ) ಬಿಡಿಸಿ ಬಂದಿದ್ದರು, ಕಾಲಲ್ಲಿ ಒಂದು ಸಣ್ಣ ಗಾಯ. ಮಳೆಗೆ ನೆನೆದ ಜ್ವರ ಅಂತ ನಾವೆಲ್ಲ ಅಂದುಕೊಂಡೆವು. ನಾನೇ ನಾಲ್ಕು ದಿನ ಕಿರಾತಕಡ್ಡಿ ಕಷಾಯ ಮಾಡಿ ಕೊಟ್ಟೆ. ಕಾಲಿನ ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ, ಕಣ್ಣು ಕೆಂಪಗಿತ್ತು, ನಿದ್ದೆಯಿಲ್ಲದ್ದಕ್ಕೆ ಅಂದುಕೊಂಡೆ. ಐದನೆಯ ದಿನ ಮೂತ್ರ ಕಡಿಮೆಯಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಇಲಿಜ್ವರ ಅಂದರು, ಕಿಡ್ನಿಗೆ ಆಗಲೇ ಪೆಟ್ಟು ಬಿದ್ದಿತ್ತು. ಮಾವ ಬದುಕಿ ಬಂದರು. ಇಪ್ಪತ್ತು ದಿನ ಹಿಡಿಯಿತು. ಆ ನಾಲ್ಕು ಲೋಟ ಕಷಾಯ ನನಗೆ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಹಾಗಾಗಿ ಮಳೆಗಾಲದ ಜ್ವರ ಎರಡು ದಿನ ದಾಟಿದರೆ, ತೋಟಕ್ಕೆ, ಗದ್ದೆಗೆ, ಕೊಟ್ಟಿಗೆಗೆ ಇಳಿದವರಾದರೆ ಮೊದಲ ದಿನವೇ, ಆರೋಗ್ಯ ಕೇಂದ್ರಕ್ಕೆ ಹೋಗಿ. ಮೂಗು ಸೋರದೆ ಬರೀ ಜ್ವರ, ಮೈಕೈ ನೋವು ಇದ್ದರೆ ಅದು ಶೀತದ ಜ್ವರ ಅಲ್ಲದಿರಬಹುದು. ಡೆಂಗ್ಯೂವೂ ಆಗಿರಬಹುದು, ಆಗ ಪಪ್ಪಾಯಿ ಎಲೆಯ ರಸ ನಂಬಿ ಕೂರಬೇಡಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ಡೆಂಗ್ಯೂವಿನಲ್ಲಿ ರಕ್ತಸ್ರಾವ ಆಗಬಹುದು. ಕೆಸರಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ ಬಾರದ ಹಾಗೆ ವಾರಕ್ಕೊಮ್ಮೆಯ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ನಮ್ಮ ತೋಟಕ್ಕೆ ಬರುವ ಎಲ್ಲರಿಗೂ ಈಗ ಮೊದಲು ಅದು, ಆಮೇಲೆ ಬೂಟು, ಕೆಲಸ ಮುಗಿಸಿ ಬಂದ ಮೇಲೆ ಕಷಾಯ.

ಮಾಡಿಟ್ಟ ಕಷಾಯದ ಪುಡಿ ಎಷ್ಟು ದಿನ ಇಡಬಹುದು?

ಬೇಸಿಗೆಯಲ್ಲಿ ಎರಡು ತಿಂಗಳು, ಮಳೆಗಾಲದಲ್ಲಿ ಮೂರು ವಾರ. ಮೇ ತಿಂಗಳ ಬಿಸಿಲಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸನ್ನು ಚೆನ್ನಾಗಿ ಒಣಗಿಸಿ ಇಡಿಯಾಗಿಯೇ ಡಬ್ಬಿಯಲ್ಲಿ ತುಂಬಿಡಿ, ಬೇಕಾದಾಗ ಸ್ವಲ್ಪ ಸ್ವಲ್ಪ ಹುರಿದು ಪುಡಿ ಮಾಡಿ. ಗಾಜಿನ ಭರಣಿ ಒಳ್ಳೆಯದು. ಒದ್ದೆ ಚಮಚ ಹಾಕಬೇಡಿ. ಪುಡಿ ಗಂಟು ಕಟ್ಟಿದರೆ, ಬೂಸಲು ವಾಸನೆ ಬಂದರೆ ಮತ್ತೆ ಹುರಿದು ಸರಿಮಾಡಲು ಹೋಗಬೇಡಿ, ತೆಂಗಿನ ಬುಡಕ್ಕೆ ಹಾಕಿ ಹೊಸದು ಮಾಡಿಕೊಳ್ಳಿ.